‘ದಿ’ ಎಲ್ಲಿ ಹಾಕೋದು? ಕಾಲೇಜ್ ರೋಡಿನ ಹಳೇ ಕಥೆ

ಇವತ್ತಿನ ವಿಷಯ ನೋಡೋಕೆ ಸಣ್ಣದು: ‘ಎ’, ‘ಆನ್’, ‘ದಿ’. ಹತ್ತು ವರ್ಷ ಕೋಡ್ ಬರೆದವರೂ ಕ್ಲೈಂಟ್‌ಗೆ ಮೇಲ್ ಕಳಿಸೋ ಮುಂಚೆ ಇಲ್ಲಿ ಒಂದ್ಸಲ ತಡವರಿಸ್ತಾರೆ. ಅಪ್ರೈಸಲ್‌ನಲ್ಲಿ ‘ಕಮ್ಯುನಿಕೇಷನ್ ಇಂಪ್ರೂವ್ ಆಗಬೇಕು’ ಅಂತ ಒಂದು ಸಾಲು ಬಂದ್ರೆ ಸಾಕು, ನಮ್ಮ ತಲೇಲೇ ಏನೋ ಕೊರತೆ ಇದೆ ಅಂದ್ಕೊಳ್ತೀವಿ. ಕಾರಣ ಅದಲ್ಲ. ಅದು ಗೊತ್ತಾಗಬೇಕಾದ್ರೆ ಇದೇ ಊರಿನ ಇತಿಹಾಸ ನೋಡಬೇಕು.

ನುಂಗಂಬಾಕ್ಕಂನಲ್ಲಿ ಕಾಲೇಜ್ ರೋಡ್ ಇದೆಯಲ್ಲ, ಅದರ ಹೆಸರಿನ ಹಿಂದಿರೋದು 1812ರಲ್ಲಿ ಶುರುವಾದ ಫೋರ್ಟ್ ಸೇಂಟ್ ಜಾರ್ಜ್ ಕಾಲೇಜು. ಕಂಪನಿ ಸರ್ಕಾರದ ಇಂಗ್ಲಿಷ್ ಹುಡುಗರು ಅಲ್ಲಿ ತಮಿಳು, ತೆಲುಗು, ಕನ್ನಡ, ಮಲಯಾಳಂ ಕಲಿತು ಪರೀಕ್ಷೆ ಕೊಡಬೇಕಿತ್ತು. ಬಳ್ಳಾರಿ, ಮಂಗಳೂರು ಆಗ ಮದ್ರಾಸಿನ ಆಡಳಿತದಲ್ಲಿದ್ದವು; ಕನ್ನಡ ಬಾರದೆ ಅಲ್ಲಿ ಕಂದಾಯ, ಕಚೇರಿ ನಡೆಸೋದು ಕಷ್ಟ. ಆ ಕಾಲೇಜಿನ ಹಿಂದಿದ್ದ ಎಲ್ಲಿಸ್, 1816ರಲ್ಲಿ ಕ್ಯಾಂಪ್‌ಬೆಲ್ ಅವರ ತೆಲುಗು ವ್ಯಾಕರಣಕ್ಕೆ ಬರೆದ ಟಿಪ್ಪಣಿಯಲ್ಲಿ, ದಕ್ಷಿಣದ ಈ ಭಾಷೆಗಳು ಸಂಸ್ಕೃತದಿಂದ ಹುಟ್ಟಿದ್ದಲ್ಲ, ಒಂದೇ ಬೇರೆ ಕುಟುಂಬ ಅಂತ ತೋರಿಸಿದರು. 1820ರಲ್ಲಿ ಮೆಕೆರೆಲ್ ಬರೆದ ಕನ್ನಡ ವ್ಯಾಕರಣ ಮದ್ರಾಸಿನಲ್ಲೇ ಅಚ್ಚಾಯ್ತು. ಅಂದ್ರೆ, ಇನ್ನೂರು ವರ್ಷದ ಹಿಂದೆ ಇದೇ ಊರಲ್ಲಿ ನಮ್ಮ ವಿಭಕ್ತಿಗಳನ್ನ ಉರು ಹೊಡೀತಾ ಕೂತಿದ್ದವರು ಇಂಗ್ಲಿಷರು!

ಕಷ್ಟ ಎರಡೂ ಕಡೆಗೆ ಯಾಕೆ? ಕನ್ನಡದಲ್ಲಿ ಆರ್ಟಿಕಲ್ ಇಲ್ಲ. ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ಅದಕ್ಕೊಂದು ಅಧ್ಯಾಯವೂ ಇಲ್ಲ, ಬೇಕೂ ಇರಲಿಲ್ಲ. ಹಾಗಂತ ಅರ್ಥದ ವ್ಯತ್ಯಾಸ ನಮಗೆ ಗೊತ್ತಿಲ್ಲ ಅಂತಲ್ಲ. ‘ಪುಸ್ತಕ ಹುಡುಕ್ತಿದ್ದೀನಿ’ ಅಂದ್ರೆ ಯಾವುದೋ ಒಂದು ಸಿಕ್ಕರೂ ಆಯ್ತು. ‘ಪುಸ್ತಕವನ್ನು ಹುಡುಕ್ತಿದ್ದೀನಿ’ ಅಂದ್ರೆ ಮನಸ್ಸಲ್ಲಿ ಒಂದು ನಿರ್ದಿಷ್ಟ ಪುಸ್ತಕ ಇದೆ. ಇಂಗ್ಲಿಷ್ ನಾಮಪದದ ಮುಂದೆ ಮಾಡೋ ಇಂಥ ಕೆಲಸವನ್ನ ನಾವು ಹಿಂದೆ, ವಿಭಕ್ತಿಯಲ್ಲಿ ಮಾಡ್ತೀವಿ. ನಮ್ಮ ಕಷ್ಟವೂ ಕಮ್ಮಿ ಇಲ್ಲ: ತಮಿಳಿನವರು ಹುಡುಗ, ಹುಡುಗಿ, ನಾಯಿ ಎಲ್ಲದಕ್ಕೂ ‘ಒರು’ ಅಂದು ಮುಗಿಸ್ತಾರೆ, ನಾವು ‘ಒಬ್ಬ’, ‘ಒಬ್ಬಳು’, ‘ಒಂದು’ ಅಂತ ಲೆಕ್ಕ ಇಡ್ತೀವಿ.

ಇನ್ನೊಂದು ಮಜಾ ಇದೆ. ಇಂಗ್ಲಿಷಿಗೂ ಇವು ಹುಟ್ಟಿನಿಂದ ಬಂದವಲ್ಲ. ‘ಆನ್’ ಅನ್ನೋದು ಹಳೇ ಇಂಗ್ಲಿಷಿನ ‘ಒಂದು’ ಅನ್ನೋ ಪದ ಸವೆದು ಆಗಿದ್ದು. ‘ಎ’ ಅದು ಇನ್ನೂ ಸವೆದಿದ್ದು. ‘ದಿ’ ಬಂದಿರೋದು ‘ಆ’ ಅನ್ನೋ ಅರ್ಥದ ತೋರುಪದದಿಂದ. ಅಂದ್ರೆ ಬೇರಿನಲ್ಲಿ ಎರಡೂ ನಮ್ಮ ‘ಒಂದು’ ಮತ್ತು ‘ಆ’ ಥರದ್ದೇ. ವ್ಯತ್ಯಾಸ ಇಷ್ಟೇ: ನಮ್ಮಲ್ಲಿ ಬೇಕಾದಾಗ ಹಾಕೋ ಪದ ಅವರಲ್ಲಿ ಕಡ್ಡಾಯ ಆಯ್ತು.

1933ರಲ್ಲಿ ಬ್ಲೂಮ್‌ಫೀಲ್ಡ್ ಎಂಬ ಅಮೆರಿಕದ ಭಾಷಾವಿಜ್ಞಾನಿ ‘ದಿ’, ‘ದಿಸ್’, ‘ಮೈ’ ಇಂಥವನ್ನೆಲ್ಲ ಒಟ್ಟಿಗೆ ಡಿಟರ್ಮಿನರ್ ಅಂದರು. ಇದನ್ನ ಫಾರ್ಮಿನಲ್ಲಿರೋ ಕಡ್ಡಾಯ ಫೀಲ್ಡ್ ಅಂದ್ಕೊಳ್ಳಿ. ಎಣಿಸಬಹುದಾದ ವಸ್ತು, ಏಕವಚನ — ಆಗ ಫೀಲ್ಡ್ ಸಾಮಾನ್ಯವಾಗಿ ಖಾಲಿ ಬಿಡೋ ಹಾಗಿಲ್ಲ: ‘ಎ ಬಗ್’, ‘ದಿ ಬಗ್’, ‘ದಿಸ್ ಬಗ್’. ಓದುವವರಿಗೆ ಯಾವ ಬಗ್ ಅಂತ ಗೊತ್ತಿದ್ರೆ ‘ದಿ’, ಈಗಷ್ಟೇ ಹೇಳ್ತಿದ್ರೆ ‘ಎ’. ನಾವು ‘ನನ್ನ ಆ ಲ್ಯಾಪ್‌ಟಾಪ್’ ಅಂತೀವಿ. ಅಲ್ಲಿ ‘ಮೈ’ ಬಂದ್ರೆ ‘ದಿ’ಗೆ ಜಾಗ ಇಲ್ಲ. ‘ಸಾಫ್ಟ್‌ವೇರ್’, ‘ಇನ್ಫರ್ಮೇಷನ್’ ಎಣಿಸೋ ಪದಗಳಲ್ಲ, ಅದಕ್ಕೇ ಅವುಗಳ ಮುಂದೆ ‘ಎ’, ‘ಆನ್’ ಬರಲ್ಲ.

ಮುಂದಿನ ಸಲ ಮೇಲ್ ಬರೆಯುವಾಗ ತಡವರಿಸಿದ್ರೆ ಕೀಳರಿಮೆ ಬೇಡ. ನಿಮ್ಮ ತಲೆಯಲ್ಲಿ ಇನ್ನೊಂದು ವ್ಯಾಕರಣ ಪೂರ್ತಿ ಓಡ್ತಾ ಇದೆ ಅಂತ ಅರ್ಥ. ಅದನ್ನ ಕಲಿಯೋಕೆ ಒಂದು ಸರ್ಕಾರ ಈ ಊರಲ್ಲಿ ಕಾಲೇಜನ್ನೇ ಕಟ್ಟಬೇಕಾಯ್ತು.