ರಿಮ್ಮಿನ ನಡುವಿನ ತಗ್ಗು

ಹುಬ್ಬಳ್ಳಿ–ಧಾರವಾಡದ ನಡುವೆ ದಿನಾ ಬೈಕಿನಲ್ಲಿ ಓಡಾಡುವವರ ಹಿಂದಿನ ಟೈರನ್ನು ಒಮ್ಮೆ ಬಗ್ಗಿ ನೋಡಬೇಕು. ಎರಡೂ ಬದಿಗಳಲ್ಲಿ ಗ್ರಿಪ್ಪು ಹೊಸದರಂತೆ ಉಳಿದಿರುತ್ತದೆ. ನಡುವಿನ ಪಟ್ಟಿ ಮಾತ್ರ ನುಣ್ಣಗಾಗಿ ಚಪ್ಪಟೆಯಾಗಿರುತ್ತದೆ. ಉಣಕಲ್ಲು, ಬೈರಿದೇವರಕೊಪ್ಪ, ನವನಗರ ದಾಟಿ ಹೋಗುವ ಹಳೆಯ ಪಿ.ಬಿ. ರೋಡು ಹೆಚ್ಚೂಕಡಿಮೆ ನೆಟ್ಟಗಿದೆ. ಗಾಡಿ ವಾಲುವುದೇ ಕಡಿಮೆಯಾದ್ದರಿಂದ ಅದೇ ಪಟ್ಟಿ ಮತ್ತೆ ಮತ್ತೆ ಡಾಂಬರಿಗೆ ಉಜ್ಜಿಕೊಳ್ಳುತ್ತದೆ. ಹೋಗಿ ಬರಲು 40 ಕಿ.ಮೀ. ಎಂದು ಹಿಡಿದರೂ 300 ದಿನಕ್ಕೆ 12,000 ಕಿ.ಮೀ. ಆಯಿತು. ಎಂಜಿನ್ನಿನ ಎಳೆತವೂ ಹಿಂಬದಿ ಕೂತವರ ಭಾರವೂ ಆ ಚಕ್ರದ ಮೇಲೆಯೇ. ಅಮರಗೋಳದ ಎಪಿಎಂಸಿಯಿಂದ ಚೀಲ ಹೇರಿಕೊಂಡು ಬಂದರೆ ಅದೂ ಅಲ್ಲಿಗೇ.

ದ್ವಿಚಕ್ರ ವಾಹನದ ಟೈರಿನ ಗೀರು ಕನಿಷ್ಠ 0.8 ಮಿಲಿಮೀಟರು ಆಳವಿರಬೇಕು ಎನ್ನುತ್ತವೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು. ಅದನ್ನು ಅಳೆದು ನೋಡುವವರು ಕಡಿಮೆ. ಮೊದಲ ಮುಂಗಾರಿನ ದಿನ ರಸ್ತೆಯೇ ಅಳೆದು ತೋರಿಸುತ್ತದೆ. ನೀರನ್ನು ಹೊರಗೆ ದಬ್ಬಲು ಗೀರಿಲ್ಲದ ಟೈರು ಬ್ರೇಕು ಹಿಡಿದರೆ ಜಾರುತ್ತದೆ. ನಡು ಚಪ್ಪಟೆಯಾದದ್ದು ತಿರುವಿನಲ್ಲಿ ಮೊದಲು ಹಟ ಹಿಡಿದು, ಆಮೇಲೆ ತಟಕ್ಕನೆ ವಾಲುತ್ತದೆ.

ಹಾಗಾದರೆ ಬದಲಿಸಬೇಕು. ಒಂದು ಕಾಲಕ್ಕೆ ಈ ಕೆಲಸವನ್ನು ಮನೆಯ ಅಂಗಳದಲ್ಲೇ ಮಾಡುತ್ತಿದ್ದರು. ಈಗ ಬಹುಪಾಲು ಅಂಗಡಿಗೆ ಹೋಗಿದೆ. ಹಿಂದಿನವರು ಗಟ್ಟಿಗರು, ಈಗಿನವರು ಸೋಮಾರಿಗಳು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಇದನ್ನು ತೀರ್ಮಾನಿಸಿದ್ದು ಚಕ್ರ ಮಾಡಿದವರು.

ಬೆಲ್‌ಫಾಸ್ಟಿನಲ್ಲಿದ್ದ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟು ಪಡೆದದ್ದು 1888ರಲ್ಲಿ. ಆತ ವೃತ್ತಿಯಿಂದ ಪಶುವೈದ್ಯ. ಆ ಟೈರನ್ನು ರಿಮ್ಮಿಗೆ ಅಂಟಿನಿಂದ ಅಂಟಿಸುತ್ತಿದ್ದರು. ಮರುವರ್ಷ ಫ್ರಾನ್ಸಿನ ಮಿಶ್ಲಾ ಸೋದರರ ಕಾರ್ಖಾನೆಗೆ ಒಬ್ಬ ಸೈಕಲ್ ಸವಾರ ಪಂಚರ್ ಆದ ಟೈರು ತಂದನಂತೆ. ಬಿಚ್ಚಿ ರಿಪೇರಿ ಮಾಡಲು ಮೂರು ತಾಸು, ಅಂಟು ಒಣಗಲು ಒಂದಿಡೀ ರಾತ್ರಿ ಹಿಡಿಯಿತು ಎಂದು ಕಥೆ. 1891ರಲ್ಲಿ ಅವರು ಬಿಚ್ಚಿ ಹಾಕಬಹುದಾದ ಟೈರು ತಂದರು. ಅದನ್ನು ತೊಡಿಸಿದ ಸೈಕಲ್ಲಿನಲ್ಲಿ ಶಾರ್ಲ್ ಟೆರೋ ಅದೇ ವರ್ಷದ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಓಟ ಗೆದ್ದ.

ಆದರೆ ನಮ್ಮ ಅಂಗಳದವರೆಗೆ ಬಂದದ್ದು 1890ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಕಿಂಗ್‌ಸ್ಟನ್ ವೆಲ್ಚ್ ಪೇಟೆಂಟು ಪಡೆದ ಉಪಾಯ. ಟೈರಿನ ಎರಡೂ ಅಂಚಿನೊಳಗೆ ಹಿಗ್ಗದ ತಂತಿ. ರಿಮ್ಮಿನ ನಡುವೆ ಸುತ್ತಲೂ ಒಂದು ತಗ್ಗು. ಹಿಗ್ಗದ ಅಂಚು ರಿಮ್ಮಿನ ಏಣನ್ನು ದಾಟುವುದು ಹೇಗೆ? ಒಂದು ಕಡೆ ಅಂಚನ್ನು ತಗ್ಗಿಗೆ ಇಳಿಸಿದರೆ ಎದುರು ಕಡೆ ಅಷ್ಟು ಸಡಿಲ ಸಿಗುತ್ತದೆ. ಟೈರು ಬಿಚ್ಚುವ ವಿದ್ಯೆಯೆಲ್ಲ ಇಷ್ಟೇ. ಗೊತ್ತಿಲ್ಲದವರು ಲಿವರಿಗೆ ಬಲ ಹಾಕಿ ಟ್ಯೂಬು ಕಚ್ಚಿಸುತ್ತಾರೆ. ಗೊತ್ತಿದ್ದವರು ಎದುರು ಬದಿಯನ್ನು ಮೊಣಕಾಲಿನಿಂದ ಒತ್ತುತ್ತಾರೆ. "ತಮ್ಮಾ, ಲಿವರ್ ಮೀಟೋದು ಆಮ್ಯಾಲ, ಮೊದ್ಲ ಆ ಕಡೆ ತುಳಿ" ಎಂದು ನಮ್ಮ ಕಡೆಯ ಹಿರಿಯರು ಹೇಳುವಾಗ ಅವರಿಗೆ ವೆಲ್ಚ್ ಯಾರೆಂದು ತಿಳಿಯಬೇಕಾಗಿರಲಿಲ್ಲ.

ಮೈಸೂರಿನ ಯಾದವಗಿರಿಯಲ್ಲಿ 1961ರಿಂದ ತಯಾರಾದ ಜಾವಾ, ಆಮೇಲಿನ ಯೆಜ್ಡಿ ಗಾಡಿಗಳು ಈ ಕೆಲಸಕ್ಕೆ ಅನುಕೂಲವಾಗಿದ್ದವು. ಹಿಂದಿನ ಚಕ್ರ ತೆಗೆದರೂ ಚೈನು ಮತ್ತು ಹಲ್ಲುಚಕ್ರ ತಮ್ಮ ಮುಚ್ಚಳದೊಳಗೆ ಅಲ್ಲೇ ಉಳಿಯುತ್ತಿದ್ದವು, ಕೈ ಗ್ರೀಸಾಗುತ್ತಿರಲಿಲ್ಲ. ಅದೇ ಮೈಸೂರಿನಲ್ಲಿ ಮುಂದೆ ಫಾಲ್ಕನ್ ಕಂಪನಿ ದ್ವಿಚಕ್ರಗಳ ಟೈರನ್ನೂ ಮಾಡಿತು.

ಇದಕ್ಕಿಂತ ಸುಲಭ ಸ್ಕೂಟರಿನದು. 1946ರ ವೆಸ್ಪಾ ರೂಪಿಸಿದ ಕೊರಾಡಿನೊ ಡಸ್ಕಾನಿಯೊ ವಿಮಾನದ ಎಂಜಿನಿಯರು. ವಿಮಾನದ ಗಾಲಿಯಂತೆ ಒಂದೇ ಬದಿಯ ಆಸರೆಗೆ ಚಕ್ರ ಕೂರಿಸಿದ. ಆ ವಂಶದ ಬಜಾಜ್ ಚೇತಕ್ 1972ರಲ್ಲಿ ಬಂತು. ಅದರ ರಿಮ್ಮು ನಟ್ಟಿನಿಂದ ಬಿಗಿದ ಎರಡು ಹೋಳು. ಹವಾ ಪೂರ್ತಿ ಬಿಟ್ಟು ನಟ್ಟು ಬಿಚ್ಚಿದರೆ ಹೋಳುಗಳು ಬೇರೆಯಾಗಿ ಟೈರು ತಾನೇ ಕೈಗೆ ಬರುತ್ತಿತ್ತು, ಲಿವರೇ ಬೇಡ. ಹವಾ ಬಿಡದೆ ಬಿಚ್ಚಿದರೆ ಮಾತ್ರ ಹೋಳು ಸಿಡಿದು ಬಡಿಯುತ್ತಿತ್ತು. ಜೊತೆಗೊಂದು ಸ್ಟೆಪ್ನಿ. ಇದು ನಮ್ಮದೇ ಎಂಬಷ್ಟು ಬಳಕೆಯಾದ ಮಾತು; ಹುಟ್ಟಿದ್ದು ವೇಲ್ಸಿನ ಲನೆಲ್ಲಿ ಊರಿನ ಸ್ಟೆಪ್ನಿ ಬೀದಿಯಲ್ಲಿ, 1904ರಲ್ಲಿ ಡೇವಿಸ್ ಸೋದರರು ಮಾಡಿದ ಬಿಡಿ ಚಕ್ರದಿಂದ. ಸವೆದ ಹಿಂದಿನದನ್ನು ಮುಂದಕ್ಕೆ, ಸ್ಟೆಪ್ನಿಯನ್ನು ಹಿಂದಕ್ಕೆ ಹಾಕಿ ಮೂರು ಟೈರನ್ನು ವರ್ಷಗಟ್ಟಲೆ ದುಡಿಸಿದ ಗುಮಾಸ್ತರು, ಮಾಸ್ತರರು ಎಷ್ಟೋ. ಮುಂದಿನ ಟೈರಿಗೇ ಒಳ್ಳೆಯ ಗ್ರಿಪ್ಪು ಬೇಕೆಂಬುದನ್ನು ಆ ಲೆಕ್ಕಾಚಾರ ಮರೆತಿತ್ತು, ಆ ಮಾತು ಬೇರೆ.

ಟ್ಯೂಬ್‌ಲೆಸ್ ಬಂದಾಗ ಕೆಲಸ ಅಂಗಳದಿಂದ ಎದ್ದು ಹೋಯಿತು. ಅಲಾಯ್ ಚಕ್ರದ ಒಳ ಏಣು ಟೈರಿನ ಅಂಚನ್ನು ಗಟ್ಟಿಯಾಗಿ ಹಿಡಿದಿರುತ್ತದೆ. ಬಿಡಿಸಲು ಒತ್ತುವ ಯಂತ್ರ ಬೇಕು, ಕೂರಿಸಲು ಕಂಪ್ರೆಸರಿನ ಜೋರು ಹವಾ ಬೇಕು. ಅದರ ಬದಲಿಗೆ ಸಿಕ್ಕಿದ್ದೂ ಸಣ್ಣದಲ್ಲ: ಮೊಳೆ ಚುಚ್ಚಿದರೆ ಹವಾ ಒಮ್ಮೆಲೇ ಹೋಗದೆ ಮೆಲ್ಲಗೆ ಇಳಿಯುತ್ತದೆ. ಚಿಗರಿ ಬಸ್ಸುಗಳಿಗೆ ನಡುವಿನ ದಾರಿ ಬಿಟ್ಟುಕೊಟ್ಟು, ಬದಿಯಲ್ಲಿ ಲಾರಿ ಆಟೋಗಳ ಜೊತೆ ಹೋಗುವ ಬೈಕಿನವರಿಗೆ ಆ ಒಂದು ನಿಮಿಷ ಜೀವದ ಬೆಲೆಯದು. ಆದರೆ ಚಕ್ರ ಮನೆಯಲ್ಲಿ ಬಿಚ್ಚುವುದು ನಿಂತ ಮೇಲೆ ಅದನ್ನು ನೋಡುವುದೂ ನಿಂತಿತು. ಟೈರು ಬಿಚ್ಚುವವನ ಬೆರಳು ಸೀಳು, ಉಬ್ಬು, ಸಿಕ್ಕಿಕೊಂಡ ಗಾಜನ್ನೆಲ್ಲ ಮುಟ್ಟಿ ಬರುತ್ತಿತ್ತು.

ಕಡ್ಡಿ ಚಕ್ರದ, ಟ್ಯೂಬಿನ ಗಾಡಿಗಳು ಇನ್ನೂ ಇವೆ. ಹಾಲಿನ ಕ್ಯಾನು ಹೊತ್ತು ಬರುವವು, ಹೊಲದ ಎರೆ ಮಣ್ಣಲ್ಲಿ ಓಡುವವು. ಅಂಥದೊಂದು ಬಂದರೆ ಯಂತ್ರವಿರುವ ಪಂಚರ್ ಅಂಗಡಿಯಲ್ಲೂ ಹುಡುಗ ಚಕ್ರವನ್ನು ನೆಲಕ್ಕೆ ಹಾಕುತ್ತಾನೆ, ಎರಡು ಲಿವರು ಎತ್ತಿಕೊಳ್ಳುತ್ತಾನೆ, ಮೊಣಕಾಲನ್ನು ಎದುರು ಬದಿಗೆ ಊರುತ್ತಾನೆ.