ಒರೆಗಲ್ಲೂ ಒಳ್ಳೆಯ ಮಾತೂ

ಕೆಲವು ವರ್ಷಗಳ ಹಿಂದೆ ಒಂದು ಸಂಜೆ, ಚಾಮರಾಜಪೇಟೆಯ ನಮ್ಮ ಮನೆಯ ನಡುಮನೆಯಲ್ಲಿ ಎಲ್ಲರೂ ಟೆಲಿವಿಷನ್ನಿನ ಮುಂದೆ ಕುಳಿತಿದ್ದೆವು. ನಡೆಯುತ್ತಿದ್ದುದು ಇಂಗ್ಲೆಂಡಿನ 'ಆಂಟಿಕ್ಸ್ ರೋಡ್‌ಶೋ' ಎಂಬ ಕಾರ್ಯಕ್ರಮ. ಬಿ.ಬಿ.ಸಿ. ಸಂಸ್ಥೆಯವರು ಇದನ್ನು 1979ರಲ್ಲಿ ಆರಂಭಿಸಿದರು. ಒಂದೊಂದು ಊರಿನ ಬಯಲಿನಲ್ಲಿಯೋ ಹಳೆಯ ಅರಮನೆಯ ಅಂಗಳದಲ್ಲಿಯೋ ಮೇಜುಗಳನ್ನು ಹಾಕಿ ತಜ್ಞರು ಕುಳಿತಿರುತ್ತಾರೆ. ಜನರು ತಮ್ಮ ಮನೆಯ ಹಳೆಯ ವಸ್ತುಗಳನ್ನು ಬಟ್ಟೆಯಲ್ಲಿ ಸುತ್ತಿ ತಂದು ಸಾಲುಗಟ್ಟಿ ನಿಲ್ಲುತ್ತಾರೆ. ಆ ದಿನ ಆಭರಣಗಳ ಮೇಜಿನಲ್ಲಿದ್ದವನು ಬಿಳಿಗೂದಲಿನ, ನಗುಮುಖದ, ಮೃದುಭಾಷಿಯಾದ ಒಬ್ಬ ಗೃಹಸ್ಥ. ಮುದುಕಿಯೊಬ್ಬಳು ಕೊಟ್ಟ ಪದಕವನ್ನು ಆತನು ಅಂಗೈಯಲ್ಲಿಟ್ಟು ಮಸೂರದಿಂದ ನೋಡಿ, ಅದು ಯಾವ ಕಾಲದ್ದು, ಹಿಂಭಾಗದ ಕೊಂಡಿ ಏಕೆ ಹಾಗಿದೆ, ಅದನ್ನು ತೊಟ್ಟಿರಬಹುದಾದವಳು ಎಂತಹ ಉಡುಗೆ ಉಟ್ಟಿದ್ದಾಳು ಎಂದು ನಿಧಾನವಾಗಿ ಹೇಳುತ್ತ ಹೋದನು. ಬೆಲೆಯ ಮಾತು ಬಂದುದು ಕಟ್ಟಕಡೆಯಲ್ಲಿ.

ನಮ್ಮ ಅತ್ತೆಯವರಿಗೆ ಇಂಗ್ಲಿಷು ಅಷ್ಟಾಗಿ ತಿಳಿಯದು. ಆದರೂ ಅವರು ಕಣ್ಣು ಕೀಳದೆ ನೋಡುತ್ತಿದ್ದು, ಕೊನೆಗೆ ಹೇಳಿದ ಮಾತು ಇದು: "ಒಡವೆ ಕೈಗೆ ತಗೊಂಡವನು ಅದನ್ನ ತಕ್ಕಡಿಗೆ ಹಾಕಲೇ ಇಲ್ಲವಲ್ಲ!"

ಈ ಒಂದು ಮಾತು ನನ್ನನ್ನು ಬಹಳ ದಿನ ಕಾಡಿತು. ಆ ತಜ್ಞನಲ್ಲಿ ಜನಕ್ಕಿರುವ ಅನುರಾಗಕ್ಕೆ ಅವನ ರೂಪವೂ ವಾಕ್ಚಾತುರ್ಯವೂ ಕಾರಣಗಳೆಂದು ಹೇಳಿ ಮುಗಿಸಬಹುದು. ಆದರೆ ನಮ್ಮ ನಾಡಿನಲ್ಲಿ ಚಿನ್ನವನ್ನೂ ರತ್ನವನ್ನೂ ಬಲ್ಲವರ ಚರಿತ್ರೆಯನ್ನು ಸ್ವಲ್ಪ ಶೋಧಿಸಿದರೆ, ಒಡವೆಯ ಒಡತಿಯ ಮುಂದೆ ಕುಳಿತು ಅವಳ ವಸ್ತುವಿನ ವಿಷಯವನ್ನು ಅವಳಿಗೇ ತಿಳಿಸಿ ಹೇಳುವವನು ಎಷ್ಟು ಅಪೂರ್ವನೆಂಬುದು ಗೊತ್ತಾಗುತ್ತದೆ.

'ಅಕ್ಕಸಾಲೆ' ಎಂಬ ನಮ್ಮ ಮಾತಿಗೆ ಮೂಲ ಸಂಸ್ಕೃತದ 'ಅಕ್ಷಶಾಲಾ' ಎಂಬುದು. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ದೊರೆತ ತಾಳೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಈ ಅಕ್ಷಶಾಲೆಯ ವರ್ಣನೆಯಿದೆ. ಅದಕ್ಕೆ ಇರತಕ್ಕುದು ಒಂದೇ ಬಾಗಿಲು. ಒಳಗೆ ಹೋಗುವ ಕೆಲಸಗಾರರನ್ನೂ ಹೊರಗೆ ಬರುವವರನ್ನೂ ಬಟ್ಟೆಬರೆ ಬಿಡದೆ ಶೋಧಿಸತಕ್ಕುದು. ಹೆಸರುಕಾಳಿನ ಬಣ್ಣದ, ಕಳಿಂಗದೇಶದ ಅಥವಾ ತಾಪೀನದಿಯ ಕಲ್ಲು ಒರೆಗೆ ಶ್ರೇಷ್ಠವೆಂದು ಹೇಳಿ, ಗ್ರಂಥಕಾರನು ಅಕ್ಕಸಾಲಿಗನು ಚಿನ್ನ ಕದಿಯುವ ಉಪಾಯಗಳು ಐದು ಎಂದು ಎಣಿಸುತ್ತಾನೆ. ತಕ್ಕಡಿಯ ಮೋಸವೂ, ಒಂದನ್ನು ತೆಗೆದು ಇನ್ನೊಂದನ್ನು ಇಡುವುದೂ ಅವುಗಳಲ್ಲಿ ಸೇರಿವೆ. ಇದಕ್ಕಿಂತಲೂ ರಸವತ್ತಾದುದು ಮುಂದಿನ ಪಟ್ಟಿ. ಕೆಲಸ ಮಾಡುತ್ತಿರುವಾಗ ನೊಣವನ್ನು ಅಟ್ಟುವ ನೆವ, ತನ್ನ ಮೈಯನ್ನೇ ನೋಡಿಕೊಳ್ಳುವುದು, ತಲೆ, ತೊಡೆ, ನೀರಿನ ಪಾತ್ರೆ, ಬೆಂಕಿಯ ಕುಂಡ, ಇವೆಲ್ಲವೂ ಕಳವಿನ ಕುರುಹುಗಳೆಂದು ತಿಳಿಯಬೇಕಂತೆ. ಗಿರಾಕಿಯ ಕಣ್ಣು ಒಂದು ಕ್ಷಣ ಆಚೆ ಹೋದರೆ ಸಾಕು, ಚಿನ್ನ ಈಚೆ ಬಂತು! 'ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ' ಎಂಬ ನಮ್ಮ ಗಾದೆಗೆ ಇಷ್ಟು ಹಳೆಯ ಬೇರು ಇದೆ. ಗಾದೆ ಅನ್ಯಾಯದ್ದೆಂದು ನನ್ನ ಅಭಿಪ್ರಾಯ. ಹಗಲಿರುಳು ಊದುಗೊಳವೆ ಹಿಡಿದು ಕಣ್ಣು ಕಳೆದುಕೊಂಡ ಎಷ್ಟೋ ಪ್ರಾಮಾಣಿಕರನ್ನು ಅದು ಮರೆಯುತ್ತದೆ. ಆದರೆ ಒಡವೆಯನ್ನು ಬಲ್ಲವನ ನಯವಾದ ಮಾತನ್ನು ಜನರು ಎರಡು ಸಾವಿರ ವರ್ಷಗಳಿಂದ ಸಂದೇಹದಿಂದಲೇ ಕೇಳಿದರೆಂಬುದಕ್ಕೆ ಅದು ಸಾಕ್ಷಿ.

ಇನ್ನು ಕನ್ನಡನಾಡಿಗೇ ಬರೋಣ. ಕಲ್ಯಾಣದ ಚಾಳುಕ್ಯರ ಆಸ್ಥಾನದಲ್ಲಿ, ತಂದೆ ಮಕ್ಕಳ ಆಳ್ವಿಕೆಗಳಲ್ಲಿ, ಎರಡು ಮಹಾಗ್ರಂಥಗಳು ಹುಟ್ಟಿದುವು. ಆರನೆಯ ವಿಕ್ರಮಾದಿತ್ಯನ (1076-1126) ಕಾಲದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರೆಯನ್ನು ರಚಿಸಿ, ಸ್ತ್ರೀಧನದ ಅರ್ಥವನ್ನು ಹಿಂದಿನವರಿಗಿಂತ ವಿಸ್ತಾರವಾಗಿ ಮಾಡಿದನು. ಅವನ ಮಗನಾದ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ಮಾನಸೋಲ್ಲಾಸವನ್ನು, ಅಂದರೆ ಅಭಿಲಷಿತಾರ್ಥ ಚಿಂತಾಮಣಿಯನ್ನು, ಬರೆದು ಅದರ ಕೋಶಪ್ರಕರಣದಲ್ಲಿ ವಜ್ರ, ಮುತ್ತು, ಮಾಣಿಕ್ಯ, ನೀಲಗಳ ಗುಣದೋಷಗಳನ್ನೂ ಪರೀಕ್ಷೆಯನ್ನೂ ವಿವರಿಸಿದನು. ಒಡವೆಯು ಹೆಣ್ಣಿನ ಸ್ವತ್ತೆಂಬ ಧರ್ಮವನ್ನು ಒಂದು ಪುಸ್ತಕ ಹೇಳಿತು. ಆ ಒಡವೆಯ ಬೆಲೆಯನ್ನು ಅರಿಯುವ ವಿದ್ಯೆಯನ್ನು ಇನ್ನೊಂದು ಹೇಳಿತು. ಮೊದಲನೆಯದು ಅವಳಿಗಾಗಿ ಬರೆದುದಾದರೂ ಎರಡನೆಯದು ಅರಸನಿಗಾಗಿ ಬರೆದುದು. ಸ್ವತ್ತು ಒಬ್ಬರ ಕೈಯಲ್ಲಿ, ಅದರ ಅರಿವು ಮತ್ತೊಬ್ಬರ ಕೈಯಲ್ಲಿ. ಎಂಟುನೂರು ವರ್ಷಗಳವರೆಗೂ ಈ ಸ್ಥಿತಿ ಹೆಚ್ಚಾಗಿ ಬದಲಾಗಲಿಲ್ಲ. ಮೈಸೂರು ಸಂಸ್ಥಾನದಲ್ಲಿ 1933ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯಾಗಿ ಸ್ತ್ರೀಧನದ ಹಕ್ಕು ದೃಢವಾಯಿತು. ಒರೆಗಲ್ಲು ಮಾತ್ರ ಇದ್ದಲ್ಲಿಯೇ ಇದ್ದಿತು.

ವ್ಯಾಪಾರಿಗಳ ನಡುವೆಯಂತೂ ಈ ವಿದ್ಯೆ ಮೌನವಿದ್ಯೆಯಾಗಿದ್ದಿತು. ಶ್ರವಣಬೆಳಗೊಳದ ಶಾಸನಗಳಲ್ಲಿ 'ಮಾಣಿಕ್ಯನಖರ'ರೆಂದು ಹೇಳಿಸಿಕೊಂಡ ರತ್ನವರ್ತಕರು ಹೇಗೆ ಬೆಲೆ ಕಟ್ಟುತ್ತಿದ್ದರೋ, ಶಾಸನಗಳು ಅದನ್ನು ತಿಳಿಸವು. ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ರತ್ನವ್ಯಾಪಾರಿ ತವರ್ನಿಯೇ, ವಿಜಾಪುರದ ಸುಲ್ತಾನನ ಸೀಮೆಯಲ್ಲಿದ್ದ ರಾವೋಲ್ಕೊಂಡ ಎಂಬ ವಜ್ರದ ಗಣಿಗೆ ಬಂದು ಕಣ್ಣಾರೆ ಕಂಡುದನ್ನು ಬರೆದಿಟ್ಟಿದ್ದಾನೆ. ಕೊಳ್ಳುವವನೂ ಮಾರುವವನೂ ಎದುರುಬದುರು ಕುಳಿತು, ನಡುಕಟ್ಟಿನ ಬಟ್ಟೆಯ ಮರೆಯಲ್ಲಿ ಒಬ್ಬರ ಕೈಯನ್ನೊಬ್ಬರು ಹಿಡಿದು, ಬೆರಳುಗಳ ಸನ್ನೆಯಿಂದಲೇ ಸಾವಿರ, ನೂರು, ಹತ್ತುಗಳನ್ನು ತಿಳಿಸುತ್ತಿದ್ದರಂತೆ. ಸುತ್ತ ನಿಂತವರಿಗೆ ಒಂದು ಅಕ್ಷರವೂ ಕೇಳಿಸದು. ಅದೇ ಊರಿನಲ್ಲಿ ಹತ್ತರಿಂದ ಹದಿನಾರು ವಯಸ್ಸಿನ ವರ್ತಕರ ಹುಡುಗರು ಬೆಳಗ್ಗೆ ಎದ್ದು ಮರದ ಕೆಳಗೆ ಕುಳಿತು, ಒಂದು ಕಡೆ ತೂಕದ ಕಲ್ಲುಗಳ ಚೀಲ, ಇನ್ನೊಂದು ಕಡೆ ವರಹದ ಚೀಲ ಇಟ್ಟುಕೊಂಡು ವಜ್ರ ಕೊಳ್ಳುತ್ತಿದ್ದರೆಂದೂ ಅವನು ಹೇಳುತ್ತಾನೆ. ವಿದ್ಯೆ ತಂದೆಯಿಂದ ಮಗನಿಗೆ ಇಳಿಯುತ್ತಿದ್ದುದು ಹೀಗೆ. ಮನೆಯ ಹೊರಗಿನವರಿಗೆ ದೊರೆಯುತ್ತಿದ್ದುದು ಬೆಲೆ ಮಾತ್ರ.

ಬೆಂಗಳೂರಿನ ಹಳೆಯ ಪೇಟೆಯಲ್ಲಿಯೂ ಬಹುಮಟ್ಟಿಗೆ ಇದೇ ರೀತಿ. ನಾಣ್ಯವನ್ನೂ ಚಿನ್ನವನ್ನೂ ಪರೀಕ್ಷಿಸುತ್ತಿದ್ದ ಚಿನಿವಾರನ ಹೆಸರು ಇಂದಿಗೂ ಪತ್ರಿಕೆಗಳ 'ಚಿನಿವಾರಪೇಟೆ'ಯಲ್ಲಿ ಉಳಿದಿದೆ. ಕರಿಯ ಕಲ್ಲಿನ ಮೇಲೆ ಒಡವೆಯನ್ನು ಒಂದೆಳೆ ತೀಡಿ, ಪಕ್ಕದಲ್ಲಿ ಗೊತ್ತಾದ ಬಣ್ಣದ ಚಿನ್ನದ ಕಡ್ಡಿಯಿಂದ ಇನ್ನೊಂದೆಳೆ ಎಳೆದು, ಎರಡನ್ನೂ ಹೋಲಿಸಿ, ಬೇಕಾದರೆ ಒಂದು ತೊಟ್ಟು ದ್ರಾವಕ ಹಾಕಿ ನೋಡಿ, ಆತನು ಒಂದು ಸಂಖ್ಯೆಯನ್ನು ಉಚ್ಚರಿಸುವನು. ಕಲ್ಲಿಗೆ ಅಂಟಿದ ಚಿನ್ನವನ್ನೂ ಮೇಣದ ಉಂಡೆಯಿಂದ ಒತ್ತಿ ತೆಗೆದುಕೊಳ್ಳುವುದು ವಾಡಿಕೆ. 1892ರಲ್ಲಿ ಚಾಮರಾಜಪೇಟೆಯೂ, 1898ರ ಪ್ಲೇಗಿನ ಹಾವಳಿಯ ತರುವಾಯ ಬಸವನಗುಡಿ, ಮಲ್ಲೇಶ್ವರಗಳೂ ಬೆಳೆದ ಮೇಲೆ, ಈ ಬಡಾವಣೆಗಳ ಸಂಸಾರಗಳು ಮದುವೆ ಮುಂಜಿಗಳಿಗೆ ನಗರ್ತಪೇಟೆ, ದೊಡ್ಡಪೇಟೆಗಳಿಗೇ ನಡೆದುಹೋಗುತ್ತಿದ್ದುವು. ಅನುಕೂಲವಂತರು ಅಕ್ಕಸಾಲಿಗನನ್ನು ಮನೆಗೇ ಕರೆಸಿ, ಹಜಾರದಲ್ಲಿ ಕುಮುಟೆ ಇಡಿಸಿ, ಮನೆಯ ಹಿರಿಯ ಹೆಂಗಸೊಬ್ಬಳನ್ನು ಎದುರಿಗೆ ಕಾವಲು ಕುಳ್ಳಿರಿಸುವುದೂ ಉಂಟು. ಆಕೆ ನೊಣದ ಮೇಲೆ ಕಣ್ಣಿಟ್ಟಿದ್ದಳೇ ಎಂಬುದನ್ನು ನಾನು ಕೇಳಿ ತಿಳಿಯಲಿಲ್ಲ.

ಈ ಸಂಬಂಧವೂ ಉಳಿಯಲಿಲ್ಲ. 1963ರ ಜನವರಿಯಲ್ಲಿ ಚಿನ್ನದ ಹತೋಟಿಯ ನಿಯಮಗಳು ಬಂದು, 14 ಕ್ಯಾರೆಟ್ಟಿಗಿಂತ ಹೆಚ್ಚಿನ ಒಡವೆ ಮಾಡಬಾರದೆಂದಾಗ ಅಕ್ಕಸಾಲಿಗರ ಜೀವನಕ್ಕೆ ದೊಡ್ಡ ಪೆಟ್ಟು ಬಿದ್ದಿತು. 1968ರ ಕಾಯಿದೆ 1990ರವರೆಗೂ ನಡೆಯಿತು. ಅಷ್ಟರಲ್ಲಿ ಮನೆಯ ಅಕ್ಕಸಾಲಿಗನ ಜಾಗಕ್ಕೆ ಗಾಜಿನ ಬಾಗಿಲಿನ ಅಂಗಡಿ ಬಂದಿದ್ದಿತು. 2000ದಲ್ಲಿ ಆರಂಭವಾಗಿ 2021ರ ಜೂನ್ 16ರಿಂದ ಅನೇಕ ಜಿಲ್ಲೆಗಳಲ್ಲಿ ಕಡ್ಡಾಯವಾದ ಹಾಲ್‌ಮಾರ್ಕ್ ಮುದ್ರೆ ಒರೆಗಲ್ಲಿನ ಸಂದೇಹವನ್ನು ಬಹುಮಟ್ಟಿಗೆ ನೀಗಿಸಿತು. ಇದು ನಿಜವಾದ ಉಪಕಾರ. ಆದರೆ ಮುದ್ರೆ ಹೇಳುವುದು 916 ಎಂದು ಮಾತ್ರ; ಒಡವೆ ಎಲ್ಲಿಂದ ಬಂತು, ಯಾರದು ಎಂಬುದನ್ನು ಅದು ಹೇಳದು.

ಈ ಮಾತನ್ನು ಒತ್ತಿ ಹೇಳುವುದಕ್ಕೆ ಕಾರಣವುಂಟು. ನನ್ನ ತಾಯಿಯವರಿಗೆ ಅವರ ಅಜ್ಜಿಯಿಂದ ಬಂದಿದ್ದ ಒಂದು ಕೆಂಪಿನ ಅಡ್ಡಿಕೆ ಇದ್ದಿತು. ತಂಗಿಯ ಮದುವೆಗೆ ಹೊಸ ಸರ ಬೇಕಾಗಿ ಅದನ್ನು ಒಂದು ಅಂಗಡಿಗೆ ಕೊಂಡೊಯ್ದೆವು. ಕುಂದಣದ ಕೆಲಸದಲ್ಲಿ ಕಲ್ಲಿನ ಕೆಳಗೆ ಅರಗು ತುಂಬಿ, ಹೊಳಪಿಗಾಗಿ ತೆಳುವಾದ ತಗಡು ಇಟ್ಟು, ಸುತ್ತಲೂ ಅಪ್ಪಟ ಚಿನ್ನದ ರೇಕನ್ನು ಒತ್ತಿರುತ್ತಾರಷ್ಟೆ. ಅಂಗಡಿಯವನು ಅರಗಿನ ತೂಕವನ್ನು ಕಳೆದನು, ಸವಕಳಿ ಕಳೆದನು, ಕಲ್ಲುಗಳನ್ನು ಕಿತ್ತು ಒಂದು ಕಾಗದದ ಪೊಟ್ಟಣದಲ್ಲಿ ಕಟ್ಟಿ "ಇದಕ್ಕೇನೂ ಬರುವುದಿಲ್ಲ" ಎಂದು ಹಿಂದಕ್ಕೆ ಕೊಟ್ಟನು. ಅವನು ಮೋಸ ಮಾಡಿದನೆಂದು ನಾನು ಹೇಳಲಾರೆ. ಲೆಕ್ಕ ಸರಿಯಾಗಿಯೇ ಇದ್ದಿರಬೇಕು. ತಾಯಿಯವರು ಪೊಟ್ಟಣವನ್ನು ಸೆರಗಿಗೆ ಗಂಟು ಹಾಕಿಕೊಂಡು ಮನೆಯವರೆಗೂ ಮಾತಾಡಲಿಲ್ಲ.

ಆ ಕಲ್ಲುಗಳನ್ನು ಬಹುಕಾಲದ ಮೇಲೆ ನಾನು ಮಸೂರದಲ್ಲಿ ನೋಡಿದೆನು. ಫ್ರಾನ್ಸಿನ ವೆರ್ನೆಯ್ ಎಂಬ ರಸಾಯನಶಾಸ್ತ್ರಜ್ಞನು ಜ್ವಾಲೆಯಲ್ಲಿ ಅಲ್ಯೂಮಿನದ ಪುಡಿಯನ್ನು ಕರಗಿಸಿ ಕೆಂಪನ್ನು ತಯಾರಿಸುವ ಕ್ರಮವನ್ನು 1902ರಲ್ಲಿ ಪ್ರಕಟಿಸಿದ ಮೇಲೆ, ಅಂತಹ ಕಲ್ಲುಗಳು ಲೋಕದ ಪೇಟೆಗಳನ್ನೆಲ್ಲ ತುಂಬಿದುವು. ಅವುಗಳ ಒಳಗೆ ಬಿಲ್ಲಿನಂತೆ ಬಾಗಿದ ಗೆರೆಗಳೂ ಗಾಳಿಯ ಗುಳ್ಳೆಗಳೂ ಇರುತ್ತವೆ. ಭೂಮಿಯಲ್ಲಿ ಬೆಳೆದ ಕೆಂಪಿನ ಗೆರೆಗಳು ನೇರವಾಗಿಯೂ ಕೋನಕೋನವಾಗಿಯೂ ಇರುತ್ತವೆ. ನಮ್ಮ ಪೊಟ್ಟಣದಲ್ಲಿ ಬಾಗಿದ ಗೆರೆಯ ಕಲ್ಲು ಎರಡೇ. ಯಾವಾಗಲೋ ಉದುರಿದ ಕಲ್ಲಿಗೆ ಬದಲಾಗಿ ಕೂರಿಸಿದುವಿರಬೇಕು. ಉಳಿದುವುಗಳನ್ನು ಯಾರೂ ಪರೀಕ್ಷಿಸದೆಯೇ ಕಿತ್ತಿದ್ದರು. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ಅಡ್ಡಿಕೆ ಉಳಿಯುತ್ತಿದ್ದಿತೋ ಇಲ್ಲವೋ ತಿಳಿಯದು. ಮದುವೆಯ ಖರ್ಚು ಖರ್ಚೇ. ಆದರೆ ಏನನ್ನು ಕರಗಿಸುತ್ತಿದ್ದೇವೆಂಬುದಾದರೂ ತಾಯಿಯವರಿಗೆ ತಿಳಿಯುತ್ತಿದ್ದಿತು.

ಟೆಲಿವಿಷನ್ನಿನ ತಜ್ಞನು ಮಾಡುವುದು ಇದನ್ನೇ. ತವರ್ನಿಯೇ ಕಂಡ ಬಟ್ಟೆಯ ಮರೆಯನ್ನು ಎತ್ತಿ, ಕೈಯೊಳಗಿನ ಲೆಕ್ಕವನ್ನು ಬಾಯಲ್ಲಿ ಹೇಳುತ್ತಾನೆ. ಆ ಮೇಜಿನ ಮೇಲೆ ಕೊಳ್ಳುವ ಮಾತಿಲ್ಲವಾದುದರಿಂದ ಅವನ ಸವಿಮಾತಿನಲ್ಲಿ ಕೇಳುವವಳಿಗೆ ಸಂದೇಹ ಹುಟ್ಟುವುದಿಲ್ಲ. ಒಂದು ನಿದರ್ಶನವನ್ನು ಕೊಡುತ್ತೇನೆ. ಲಂಡನ್ನಿನ ವಾರ್ಟ್‌ಸ್ಕಿ ಎಂಬ ಹಳೆಯ ಆಭರಣದಂಗಡಿಯ ಮುಖ್ಯಸ್ಥನಾಗಿದ್ದು, ಕಿರೀಟಾಭರಣಗಳ ಚರಿತ್ರೆಯನ್ನು ಬರೆದ ಜೆಫ್ರಿ ಮನ್ ಎಂಬ ತಜ್ಞನು, ವಿಲಿಯಂ ಬರ್ಜಸ್ (1827-1881) ಎಂಬ ವಾಸ್ತುಶಿಲ್ಪಿ ರಚಿಸಿದ್ದ, ಎಲ್ಲಿ ಹೋದುವೋ ತಿಳಿಯದ ಕೆಲವು ಪದಕಗಳ ಚಿತ್ರಗಳನ್ನು ಈ ಕಾರ್ಯಕ್ರಮದಲ್ಲಿ ತೋರಿಸಿದನು. ವರ್ಷಗಳ ಮೇಲೆ ಅದನ್ನು ನೋಡಿದ ಹೆಂಗಸೊಬ್ಬಳಿಗೆ, ತಾನು ಎಂದೋ ಸಂತೆಯಲ್ಲಿ 10 ಪೌಂಡಿಗೆ ಕೊಂಡ ಪದಕ ಅದೇ ಎಂದು ಹೊಳೆಯಿತು. 2011ರಲ್ಲಿ ಅದು ಹರಾಜಿನಲ್ಲಿ 31,000 ಪೌಂಡಿಗೆ ಹೋಯಿತು. ಹಣದ ಮಾತು ಹಾಗಿರಲಿ; ಪದಕವನ್ನು ಗುರುತಿಸಿದವಳು ಅದರ ಒಡತಿಯೇ, ತಜ್ಞನಲ್ಲ.

ಸವಿಮಾತೆಲ್ಲವೂ ಇಂತಹುದೆಂದು ನಾನು ಹೇಳುವುದಿಲ್ಲ. ವ್ಯಾಪಾರಿಗಳ ಹಣದಿಂದಲೇ ನಡೆಯುವ ಕಾರ್ಯಕ್ರಮಗಳಲ್ಲಿ ನಗುಮುಖದವರು ಒಡವೆಗಳನ್ನು ಹೊಗಳುವುದನ್ನೂ ನೋಡಿದ್ದೇನೆ. ಅಲ್ಲಿ ಕೌಟಿಲ್ಯನ ಪಟ್ಟಿಯನ್ನು ನೆನೆಯುವುದು ಕ್ಷೇಮಕರ. ಹಾಗೂ ಬೆಲೆ ಕೇಳಿದೊಡನೆ ಕಣ್ಣರಳಿಸುವ ಜನರನ್ನು ತೋರಿಸಿ ತೋರಿಸಿ, ಆ ಇಂಗ್ಲಿಷ್ ಕಾರ್ಯಕ್ರಮವೂ ಕಥೆಗಿಂತ ಸಂಖ್ಯೆಯನ್ನೇ ಮೇಲುಮಾಡುವುದುಂಟು.

ಆ ಸಂಜೆಯ ಮರುದಿನ ಅತ್ತೆಯವರು ತಮ್ಮ ತಾಯಿಯ ಕಾಸಿನ ಸರವನ್ನು ಪೆಟ್ಟಿಗೆಯಿಂದ ತೆಗೆದು ನನ್ನ ಮುಂದಿಟ್ಟರು. ನಮ್ಮ ಕಡೆಯ ಕಾಸಿನ ಸರಗಳಲ್ಲಿ ಲಕ್ಷ್ಮಿಯ ಬಿಲ್ಲೆಗಳಿರುವುದೇ ಹೆಚ್ಚು, ಇದರಲ್ಲಿದ್ದುವು ಸವರನ್ನುಗಳು. ಒಂದೊಂದರ ತೂಕ ಎಂಟು ಗ್ರಾಮಿಗೆ ಕೂದಲೆಳೆಯಷ್ಟು ಕಡಮೆ. ಚಿನ್ನ 22 ಕ್ಯಾರೆಟ್ಟಿನದು. ಇದಿಷ್ಟು ಅವರಿಗೂ ತಿಳಿದಿದ್ದಿತು. ವಿಕ್ಟೋರಿಯಾ ರಾಣಿಯ ಮುಖ 1887ರವರೆಗೆ ತರುಣಿಯದಾಗಿಯೂ, ಅಲ್ಲಿಂದ 1893ರವರೆಗೆ ಪುಟ್ಟ ಕಿರೀಟವಿಟ್ಟ ಪ್ರೌಢೆಯದಾಗಿಯೂ, ಆಮೇಲೆ ಮುಸುಕು ಹೊದ್ದ ಮುದುಕಿಯದಾಗಿಯೂ ಇರುವುದನ್ನು ನಾನು ತೋರಿಸಿದಾಗ, ಅವರು ಮೂರನ್ನೂ ಪಕ್ಕಪಕ್ಕಕ್ಕೆ ಹಿಡಿದು ಬಹಳ ಹೊತ್ತು ನೋಡಿದರು. ರಾಣಿಯೂ ತಮ್ಮಂತೆಯೇ ಮುದುಕಿಯಾದಳಲ್ಲ ಎಂದು ನಕ್ಕರು. ಕೊನೆಯ ಕಾಸು ಐದನೆಯ ಜಾರ್ಜನದು, 1918ನೆಯ ಇಸವಿಯದು. ಮಸೂರವಿಟ್ಟು ನೋಡಲು, ಕುದುರೆಯ ಕಾಲಡಿಯಲ್ಲಿ, ಇಸವಿಯ ಮೇಲ್ಗಡೆ, ನೆಟ್ಟ ಗೀಟಿನಂತಹ ಒಂದು ಸಣ್ಣ ಆಂಗ್ಲಾಕ್ಷರ ಕಂಡಿತು. ಅದು 'ಐ'. ಮುಂಬಯಿಯ ಟಂಕಸಾಲೆಯಲ್ಲಿ ಸವರನ್ನು ಅಚ್ಚುಹಾಕಿದುದು ಆ ಒಂದೇ ವರ್ಷ. ಅದರ ಗುರುತು ಈ ಅಕ್ಷರ.

"ಹಾಗಾದರೆ ಇದೊಂದು ನಮ್ಮ ದೇಶದಲ್ಲೇ ಹುಟ್ಟಿದ್ದು" ಎಂದರು ಅತ್ತೆಯವರು. ಮಸೂರವನ್ನು ನನ್ನ ಕೈಯಿಂದ ತೆಗೆದುಕೊಂಡು, ಸರವನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೊದಲ ಕಾಸಿನಿಂದ ಮತ್ತೆ ನೋಡಲಾರಂಭಿಸಿದರು.