ಎಡದಂಡೆ ಕಾಲುವೆಯ ಕ್ಯಾಂಪುಗಳು: ಗ್ರಾಮಚರಿತ್ರೆಯ ಒಂದು ಅಧ್ಯಯನ

ಗಂಗಾವತಿಯಿಂದ ಸಿಂಧನೂರಿನವರೆಗೆ ತುಂಗಭದ್ರಾ ಎಡದಂಡೆ ಕಾಲುವೆಯ ಗುಂಟ ಸಾಗಿದರೆ ಒಂದರ ಹಿಂದೊಂದು ಕ್ಯಾಂಪು, ಅಂದರೆ ಹೊರಗಿನಿಂದ ಬಂದವರ ವಸತಿ, ಎದುರಾಗುತ್ತದೆ. ಕೆಲವು ಪಕ್ಕದ ಮೂಲ ಹಳ್ಳಿಯ ಹೆಸರಿಗೇ ‘ಕ್ಯಾಂಪ್’ ಸೇರಿಸಿಕೊಂಡಿವೆ; ಶ್ರೀರಾಮನಗರ, ಗಾಂಧಿನಗರದಂಥವು ಸ್ವಂತ ಹೆಸರು ಪಡೆದಿವೆ. ಹಳ್ಳಿಯ ಇತಿಹಾಸ ಬರೆಯುವವರು ಸಾಮಾನ್ಯವಾಗಿ ನೆಚ್ಚುವ ಶಾಸನ, ಕೈಫಿಯತ್ತು, ಸ್ಥಳಪುರಾಣ ಇಲ್ಲಿ ಒದಗುವುದಿಲ್ಲ. ಇವುಗಳ ವಯಸ್ಸೇ ಏಳು ದಶಕದ ಆಸುಪಾಸು. ಇವು ಎಲ್ಲಿ, ಏಕೆ ಹುಟ್ಟಿದವೆಂದು ತಿಳಿಯಲು ಕಂದಾಯ ದಾಖಲೆಗಿಂತ ಕಾಲುವೆಯ ನಕ್ಷೆಯೇ ಹೆಚ್ಚು ನಂಬಿಕಸ್ಥ ಆಕರವೆಂಬುದು ಈ ಲೇಖನದ ನಿಲುವು.

ಈ ಸೀಮೆಗೆ ಕಾಲುವೆ ಹೊಸದಲ್ಲ. ಆನೆಗೊಂದಿ, ಗಂಗಾವತಿ ಸುತ್ತ ವಿಜಯನಗರ ಕಾಲದ ಕಾಲುವೆಗಳು ನದಿಯ ಮಗ್ಗುಲಲ್ಲೇ ಹರಿದು ಗದ್ದೆಗಳಿಗೆ ನೀರುಣಿಸುತ್ತಿದ್ದವು. ನದಿಗೆ ದೂರವಾದ ಎರೆ ಬಯಲು ಮಾತ್ರ ಮಳೆಯನ್ನೇ ನಂಬಿ ಜೋಳ, ಹತ್ತಿ ಬೆಳೆಯುತ್ತಿತ್ತು. ಮದರಾಸು ಪ್ರಾಂತ್ಯ ಮತ್ತು ಹೈದರಾಬಾದ್ ಸಂಸ್ಥಾನಗಳು 1945ರ ಫೆಬ್ರುವರಿ 28ರಂದು ಅಡಿಗಲ್ಲಿಟ್ಟ ಅಣೆಕಟ್ಟೆಯಿಂದ 1953ರ ಜುಲೈನಲ್ಲಿ ಕಾಲುವೆಗೆ ನೀರು ಹರಿಯಿತು. ಆಗ ಹೈದರಾಬಾದ್ ರಾಜ್ಯದಲ್ಲಿದ್ದ, 227 ಕಿ.ಮೀ. ಉದ್ದದ ಎಡದಂಡೆ ಕಾಲುವೆ 1956ರಲ್ಲಿ ಮೈಸೂರು ರಾಜ್ಯದ ಪಾಲಾಯಿತು.

ಯೋಜನೆಯ ಉದ್ದೇಶ ಬರ ತಡೆಯುವುದು. ಹಾಗಾಗಿ ಇದ್ದ ನೀರನ್ನು ತೆಳುವಾಗಿ, ಆದಷ್ಟು ಹೆಚ್ಚು ನೆಲಕ್ಕೆ ಹಂಚುವ ಲೆಕ್ಕ ಹಾಕಿದ್ದರು. ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಎಂಬುದನ್ನು ಸರ್ಕಾರವೇ ಗೊತ್ತುಮಾಡುವ ‘ಲೋಕಲೈಸೇಷನ್’ ಪದ್ಧತಿ ಬಂತು. ಬಹುಪಾಲು ನೆಲಕ್ಕೆ ಲಘು ನೀರಾವರಿ, ಭತ್ತಕ್ಕೆ ಸಣ್ಣ ಪಾಲು. ಕಾಗದದ ಮೇಲೆ ಇದು ನ್ಯಾಯವಾಗಿಯೇ ಇತ್ತು. ಆದರೆ ನೀರು ಕಟ್ಟಿ ಬೇಸಾಯ ಮಾಡಲು ಎರೆ ಹೊಲವನ್ನು ಸಮಮಾಡಬೇಕು, ಬದು ಹಾಕಬೇಕು, ಮಡಿ ಕಟ್ಟಬೇಕು. ಒಣಬೇಸಾಯದ ರೈತನ ಕೈಯಲ್ಲಿ ಅದಕ್ಕೆ ಬೇಕಾದ ಹಣ ಎಲ್ಲಿತ್ತು?

ಹಣವೂ ರೂಢಿಯೂ ಇದ್ದವರು ಕರಾವಳಿ ಆಂಧ್ರದವರು. ಧವಳೇಶ್ವರದಲ್ಲಿ ಆರ್ಥರ್ ಕಾಟನ್ ಕಟ್ಟಿಸಿದ ಗೋದಾವರಿ ಅಣೆಕಟ್ಟೆ 1852ರದ್ದು, ವಿಜಯವಾಡದ ಕೃಷ್ಣಾ ಅಣೆಕಟ್ಟೆ 1855ರದ್ದು. ಆ ಮುಖಜಭೂಮಿಯ ರೈತರಿಗೆ ನೂರು ವರ್ಷದ ಕಾಲುವೆ ಬದುಕಿನ ಅನುಭವವಿತ್ತು. ಅಲ್ಲಿನ ದುಬಾರಿ ಜಮೀನು ಮಾರಿ ಬಂದ ಹಣಕ್ಕೆ ಇಲ್ಲಿ ಎಷ್ಟೋ ಪಟ್ಟು ಹೆಚ್ಚು ನೆಲ ಸಿಗುತ್ತಿತ್ತು. ಅವರು ಕೊಂಡದ್ದು ಕಂಡಕಂಡಲ್ಲಿ ಅಲ್ಲ. ಮುಖ್ಯ ಕಾಲುವೆಗೂ ಉಪಕಾಲುವೆಗಳ ತಲೆಭಾಗಕ್ಕೂ ಹತ್ತಿರದ ಹೊಲಗಳನ್ನೇ ಹೆಚ್ಚಾಗಿ ಆರಿಸಿಕೊಂಡರು. ಈ ಕಾಲುವೆಯ ನೀರು ಹಂಚಿಕೆಯನ್ನು ಕ್ಷೇತ್ರಕಾರ್ಯದಿಂದ ಅಭ್ಯಸಿಸಿದ ಪೀಟರ್ ಮೊಲಿಂಗಾ ಕೂಡ ಇದನ್ನು ಗುರುತಿಸಿದ್ದಾರೆ. ಹಳೆಯ ಊರು ಕುಡಿಯುವ ನೀರನ್ನೂ ಕೋಟೆಯನ್ನೂ ನೋಡಿ ಕೂತಿದ್ದರೆ, ಕ್ಯಾಂಪು ತೂಬನ್ನು ನೋಡಿ ಕೂತಿತು. ಹೊಲದಲ್ಲೇ ಗುಡಿಸಲು, ಆಮೇಲೆ ಮನೆ, ರಾಮಮಂದಿರ, ಅಕ್ಕಿ ಗಿರಣಿ.

ಮೇಲ್ಭಾಗ ಭತ್ತಕ್ಕೆ ತಿರುಗಿದ ಮೇಲೆ ಲೋಕಲೈಸೇಷನ್ ಕಡತದಲ್ಲಷ್ಟೇ ಉಳಿಯಿತು. ಗಂಗಾವತಿ ಭತ್ತದ ಕಣಜವೆನಿಸಿತು. ಮಾನ್ವಿ, ರಾಯಚೂರು ಕಡೆಯ ಕೊನೆ ಭಾಗದ ರೈತರು ನೀರಿಗಾಗಿ ರಸ್ತೆಗಿಳಿಯುವುದು ವಾಡಿಕೆಯಾಯಿತು. ಇದರ ಹೊಣೆಯನ್ನೆಲ್ಲ ವಲಸಿಗರ ತಲೆಗೆ ಕಟ್ಟುವ ಮಾತು ಆಗಾಗ ಕೇಳಿಬರುತ್ತದೆ. ಅದು ಅರ್ಧಸತ್ಯ. ಸ್ಥಳೀಯ ರೈತರೂ ಬೇಗನೆ ನಾಟಿ ಕಲಿತರು, ಅನಧಿಕೃತ ನೀರಾವರಿಗೆ ರಾಜಕಾರಣ ಆಸರೆಯಾಯಿತು. ಅತಿ ನೀರುಂಡ ಎರೆ ನೆಲ ಸವಳು-ಜವಳಾದದ್ದು ತಲೆಭಾಗಕ್ಕೇ ಬಡಿದ ಪೆಟ್ಟು. ಅತ್ತ ಜಲಾಶಯದಲ್ಲಿ ಹೂಳು ತುಂಬಿ, 133 ಟಿಎಂಸಿ ಅಡಿಯಷ್ಟಿದ್ದ ಸಂಗ್ರಹ ಸುಮಾರು 105ಕ್ಕೆ ಇಳಿದಿದೆ.

ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪುಗಳ ಕಥೆ ಬೇರೆ. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೆ ಸರ್ಕಾರವೇ ನೆಲ ಕೊಟ್ಟು ನೆಲೆಗೊಳಿಸಿದ ಈ ವಸತಿಗಳಿಗೆ ಹೆಸರಿನ ಬದಲು ಅಂಕಿ: ಒಂದು, ಎರಡು, ಮೂರು. ಇಲ್ಲಿ ಜಾಗ ಆರಿಸುವ ಅವಕಾಶ ಬಂದವರಿಗೆ ಇರಲಿಲ್ಲ. ಕ್ಯಾಂಪುಗಳನ್ನೆಲ್ಲ ಒಂದೇ ವರ್ಗವೆಂದು ಎಣಿಸುವ ಸಂಶೋಧಕರು ಈ ವ್ಯತ್ಯಾಸವನ್ನು ಗಮನಿಸಬೇಕು.

ಹೊಲದ ನಡುವೆ ಎದ್ದ ಬಹಳಷ್ಟು ಕ್ಯಾಂಪುಗಳು ದಶಕಗಟ್ಟಲೆ ಕಂದಾಯ ಗ್ರಾಮವಾಗದೆ, ಮೂಲ ಹಳ್ಳಿಯ ಸರ್ವೆ ನಂಬರುಗಳ ಒಳಗೇ ಉಳಿದವು. ದಾಖಲೆಯಿಲ್ಲದ ಜನವಸತಿಗಳನ್ನು ಕಂದಾಯ ಗ್ರಾಮವಾಗಿಸಿ ಮನೆಗಳಿಗೆ ಹಕ್ಕುಪತ್ರ ಕೊಡುವ ಕೆಲಸಕ್ಕೆ 2017ರ ಸುಮಾರಿನ ಕಾನೂನು ತಿದ್ದುಪಡಿಗಳು ದಾರಿಮಾಡಿದವು. ತಾಂಡಾ, ಹಟ್ಟಿ, ಹಾಡಿಗಳ ಸಾಲಿನಲ್ಲಿ ಕ್ಯಾಂಪಿಗೂ ಜಾಗ ಸಿಕ್ಕಿತು. ಅಷ್ಟು ಹೊತ್ತಿಗೆ ಅಲ್ಲಿ ಮೂರನೆಯ ತಲೆಮಾರು ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ ಮಾತಾಡುತ್ತ ಬೇಸಾಯಕ್ಕಿಳಿದಿತ್ತು.